ಇಪ್ಪತ್ತು ಗಜದ ಕೆಂಪು ನೂಲು

ನನ್ನ ಅತ್ತಿಗೆ ಆರ್ಡಿಸ್ ಮೂವತ್ತೊಂದು ವರ್ಷ ನಮ್ಮ ಕಣಿವೆಯ ಶಾಲಾ ಬಸ್ಸು ಓಡಿಸಿದವಳು. ವಿಸ್ಕಾನ್ಸಿನ್ನಿನ ಚಳಿಗಾಲದಲ್ಲಿ, ರಸ್ತೆಬದಿಯ ಹಿಮದ ರಾಶಿಗೂ ಅಂಚೆ ಡಬ್ಬಿಗೂ ನಡುವೆ, ಗೇಣಿನಷ್ಟು ಜಾಗ ಬಿಟ್ಟು ಆ ಹಳದಿ ಬಸ್ಸನ್ನು ತೂರಿಸಿಬಿಡುತ್ತಿದ್ದಳು.

ಅವಳೂ ನನ್ನ ಅಣ್ಣ ವರ್ಲಿನ್ನನೂ ಮದುವೆಯಾದಂದಿನಿಂದ ಒಂದು ಆಟ ಆಡುತ್ತಿದ್ದರು. ಎಲ್ಲಿದ್ದರೂ ಸರಿ, ಎದುರಿಗಿನ ಏನನ್ನಾದರೂ ತೋರಿಸಿ ಒಬ್ಬರು "ಎಷ್ಟು ಗಜ?" ಎನ್ನಬೇಕು. ಇಬ್ಬರೂ ಒಂದೊಂದು ಸಂಖ್ಯೆ ಹೇಳಿ, ಆಮೇಲೆ ಉದ್ದುದ್ದ ಹೆಜ್ಜೆ ಹಾಕಿ ಅಳೆಯಬೇಕು. ಸೋತವರು ಪಾತ್ರೆ ತೊಳೆಯಬೇಕು. ನಮ್ಮಪ್ಪನನ್ನು ಮಣ್ಣು ಮಾಡಿದ ದಿನ ಗೋರಿಗಳ ನಡುವೆಯೂ ಇಬ್ಬರೂ ಹಾಗೆ ನಡೆದದ್ದನ್ನು ಕಂಡು ಪಾದ್ರಿಗಳು ಮುಖ ತಿರುಗಿಸಿಕೊಂಡಿದ್ದರು. ಆದರೆ ಅವರ ಹಾಗೆ ಜಿಂಕೆ ಬೇಟೆಗೆ ಬಿಲ್ಲು ಹಿಡಿದು ಮರದ ಮೇಲಿನ ಅಟ್ಟಣೆಯಲ್ಲಿ ಕೂರುವವರಿಗೆ ಆ ಆಟ ಬೇಕೇ ಬೇಕು. ಮೇಲಿನಿಂದ ನೋಡುವಾಗ ನೆಲದ ದೂರ ಸುಲಭವಾಗಿ ಮೋಸ ಮಾಡುತ್ತದೆ. ಏಳು ಗಜ ಕಡಿಮೆ ಎಣಿಸಿದರೆ ಬಾಣ ಅಂಗೈಯಗಲ ಕೆಳಗಿಳಿದು, ಎದೆಗೆ ನಾಟಬೇಕಾದದ್ದು ಕಾಲಿಗೆ ನಾಟುತ್ತದೆ. ಜಿಂಕೆ ಸಾಯುವುದೂ ಇಲ್ಲ, ಬದುಕುವುದೂ ಇಲ್ಲ.

ಹೋದ ವರ್ಷ ಅಕ್ಟೋಬರಿನಲ್ಲಿ ಹಾಗೆಯೇ ಆಯಿತು. ಅತ್ತಿಗೆ ಹೊಡೆದ ಹೆಣ್ಣು ಜಿಂಕೆ ಕುಂಟುತ್ತಾ ಪೊದೆ ಸೇರಿತು. ಎರಡು ದಿನ ನಾವು ಮೂವರೂ ಮಂಡಿಯೂರಿ ಎಲೆಯಿಂದ ಎಲೆಗೆ ರಕ್ತದ ಹನಿ ಹುಡುಕುತ್ತಾ ಹೋದೆವು. ಹಳ್ಳದ ದಂಡೆಯಲ್ಲಿ ಗುರುತು ತಪ್ಪಿಹೋಯಿತು. ಆಗ ಅವಳು ತನ್ನ ಕೈಯನ್ನು ಬೈದುಕೊಂಡಳು. ಜನವರಿಯಲ್ಲಿ ಕಣ್ಣಿನ ಡಾಕ್ಟರು, ಎಡಗಣ್ಣಿನ ರಕ್ತನಾಳ ಕಟ್ಟಿಕೊಂಡಿದೆ, ನೋಟ ತಿಂಗಳುಗಳ ಹಿಂದಿನಿಂದಲೇ ಮಂಕಾಗುತ್ತಾ ಬಂದಿರಬೇಕು ಎಂದರು. ಇನ್ನು ಅದು ಬರುವುದಿಲ್ಲ ಎಂದೂ ಹೇಳಿದರು. ಅತ್ತಿಗೆ ಬಸ್ಸಿನ ಬೀಗದಕೈ ಹಿಂದಿರುಗಿಸಿದಳು. ಬಿಲ್ಲನ್ನು ಮಾತ್ರ ಯಾರಿಗೂ ಕೊಡಲಿಲ್ಲ.

"ಗುರಿ ಇಡೋದು ಬಲಗಣ್ಣು ಕಣೋ," ಎಂದಳು ಅಣ್ಣನಿಗೆ. "ಎಡಗಣ್ಣು ಸುಮ್ನೆ ಪಕ್ಕದಲ್ಲಿ ಕೂತಿರ್ತಿತ್ತು, ನಿನ್ನ ಹಾಗೆ."

"ದೂರ ಹೇಳೋಕೆ ಎರಡೂ ಬೇಕಲ್ಲೇ, ಮಾರಾಯ್ತಿ."

"ಇನ್ನೊಂದು ಜಿಂಕೆ ನನ್ನಿಂದ ಕುಂಟಿದ್ರೆ, ಬಿಲ್ಲು ಮುರಿದು ಒಲೆಗೆ ಹಾಕ್ತೀನಿ. ಸರಿನಾ?"

ಸೆಪ್ಟೆಂಬರಿನಲ್ಲಿ ಅಣ್ಣ ನನ್ನ ಹೆಣಿಗೆಯ ಬುಟ್ಟಿಯಿಂದ ಕೆಂಪು ಉಣ್ಣೆನೂಲು ಕೇಳಿ ಒಯ್ದ. ಅಟ್ಟಣೆಯ ಸುತ್ತ ಸರಿಯಾಗಿ ಇಪ್ಪತ್ತು ಗಜಕ್ಕೆ, ಎಳೆಯ ಗಿಡಗಳಿಗೆ ತನ್ನ ತಲೆಯೆತ್ತರದಲ್ಲಿ, ದೂರದ ಗುರುತಿಗೆ ಅದರ ತುಂಡುಗಳನ್ನು ಕಟ್ಟಿ ಬಂದ.

"ಏನೋ ಇದು, ಈಗ್ಲೇ ಕ್ರಿಸ್‌ಮಸ್ ಬಂತಾ?" ಅತ್ತಿಗೆಯ ಮುಖ ಕೆಂಪಾಯಿತು. "ನೂಲು ಕಟ್ಕೊಂಡು ಕೂರೋರು ಹೊಸಬರು."

"ಇರ್ಲಿ ಬಿಡೇ. ಹಕ್ಕಿಗಳು ಗೂಡಿಗೆ ಒಯ್ಯುತ್ವೆ."

ಆ ಶುಕ್ರವಾರ ಮೀನೂಟಕ್ಕೆ ಹೋದಾಗ ಹೋಟೆಲಿನ ಅಂಗಳದ ದೀಪದ ಕಂಬ ತೋರಿಸಿ ಅಣ್ಣ "ಎಷ್ಟು?" ಎಂದ. ಅವಳು ಮೂವತ್ತು ಎಂದಳು. ಮೂವತ್ತಾರಿತ್ತು. ಸೋತವಳು ಅವಳಾದರೂ, ಮನೆಗೆ ಬಂದು ಅಣ್ಣ ತಾನೇ ಬೆಳಗಿನ ಪಾತ್ರೆಗೆ ಕೈ ಹಾಕಿದ. ಅತ್ತಿಗೆ ಬಾಗಿಲಲ್ಲಿ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದಳು.

ಅಕ್ಟೋಬರ್ ಕೊನೆಯ ವಾರ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವಳು ಒಬ್ಬಳೇ ಅಟ್ಟಣೆ ಹತ್ತಿದಳು. ಮುಂದೆ ನಡೆದದ್ದು ಅವಳೇ ಹೇಳಿದ್ದು.

ಓಕ್ ಮರಗಳ ಕೆಳಗೆ ಒಣಗಿದ ಎಲೆಯ ಸದ್ದಾಯಿತು. ಹತ್ತು ಕವಲಿನ ಕೊಂಬಿನ ಗಂಡು ಜಿಂಕೆ ತಲೆ ತಗ್ಗಿಸಿ ಬಂದು ಅಡ್ಡಕ್ಕೆ ನಿಂತಿತು. ದೂರ ಅಳೆಯುವ ಯಂತ್ರ ಜೇಬಿನಲ್ಲಿತ್ತು, ಆದರೆ ಅದನ್ನು ತೆಗೆಯುವಷ್ಟು ಕೈಯಾಡಿಸಿದರೆ ಜಿಂಕೆ ಮಾಯ. ಅದು ಹುಲ್ಲಿಗೆ ಬಾಯಿ ಹಾಕಿದಾಗ ಅವಳು ಹೆದೆ ಎಳೆದಳು. ಹತ್ತೊಂಬತ್ತು, ಎಂದಿತು ಮನಸ್ಸು. ನಲವತ್ತು ವರ್ಷ ಸುಳ್ಳು ಹೇಳದಿದ್ದ ಮನಸ್ಸು. ದೀಪದ ಕಂಬಕ್ಕೂ ಅದು ಅಷ್ಟೇ ಗಟ್ಟಿಯಾಗಿ ಮೂವತ್ತು ಎಂದಿತ್ತಲ್ಲ ಎಂದು ನೆನಪಾಯಿತು. ಹೋದ ವರ್ಷದ ಎಲೆಗಳ ಮೇಲಿನ ಹನಿಗಳು ಕಣ್ಣಿಗೆ ಕಟ್ಟಿದವು. ಬೆರಳು ಸಡಿಲಿಸಿದರೆ ಮುಗಿಯಿತು, ಬಾಣವನ್ನು ವಾಪಸು ಕರೆಯುವಂತಿಲ್ಲ.

ಆಗ ಜಿಂಕೆಯ ಪಕ್ಕೆಯ ಮೇಲೆ ಏನೋ ಕೆಂಪಗೆ ಕಂಡಿತು. ಗಾಯವೆಂದುಕೊಂಡಳು. ನೋಡಿದರೆ ಅಣ್ಣ ಗಿಡಕ್ಕೆ ಕಟ್ಟಿದ್ದ ನೂಲು. ಗಾಳಿಗೆ ಅದರ ತುದಿ ಅಲ್ಲಾಡುತ್ತಿತ್ತು.

ನೂಲು ಜಿಂಕೆಯ ಮೈಮೇಲೆ ಕಾಣುತ್ತಿದೆ. ಹಾಗಾದರೆ ನೂಲು ಮುಂದಿದೆ, ಜಿಂಕೆ ಹಿಂದಿದೆ. ಇಷ್ಟನ್ನು ತಿಳಿಯಲು ಒಂದೇ ಕಣ್ಣು ಸಾಕಿತ್ತು. ಜಿಂಕೆ ಹತ್ತೊಂಬತ್ತರಲ್ಲಂತೂ ಇಲ್ಲ. ಇಪ್ಪತ್ತರಿಂದ ಎಷ್ಟು ಆಚೆಗಿದೆಯೋ ಹೇಳುವವರು ಯಾರೂ ಇಲ್ಲ.

ಅವಳು ಹಲ್ಲು ಕಚ್ಚಿ ಮೆಲ್ಲಗೆ ಹೆದೆಯನ್ನು ಇಳಿಬಿಟ್ಟಳು. ಜಿಂಕೆ ತಲೆಯೆತ್ತಿ ನೋಡಿತು, ಬಾಲದ ಬಿಳಿ ತೋರಿಸಿ ನೆಗೆಯಿತು. ನಾಲ್ಕು ಕಾಲೂ ನೆಟ್ಟಗಿದ್ದವು.

ಕೆಳಗಿಳಿದು ಹೆಜ್ಜೆ ಹಾಕಿದಳು. ನೂಲಿಗೆ ಇಪ್ಪತ್ತು. ಗೊರಸು ಮೂಡಿದ್ದ ಜಾಗಕ್ಕೆ ಇಪ್ಪತ್ತೇಳು. ಅಲ್ಲೇ ಎಲೆಗಳ ಮೇಲೆ ಕೂತಳಂತೆ.

ಅವಳು ಬಂದಾಗ ಅಡುಗೆಮನೆಯಲ್ಲಿ ಅಣ್ಣ ಆಲೂಗಡ್ಡೆ ಹುರಿಯುತ್ತಿದ್ದ, ನಾನು ಸೇಬು ಹೆಚ್ಚುತ್ತಿದ್ದೆ.

"ಏನಾದ್ರೂ ಕಾಣಿಸ್ತೇನೇ?" ಎಂದ ಅಣ್ಣ.

ಎಲ್ಲವನ್ನೂ ಹೇಳಿದಳು. "ಹತ್ತೊಂಬತ್ತು ಅಂದ್ಕೊಂಡೆ ಕಣೋ. ಆಣೆ ಮಾಡಿ ಹೇಳ್ತಿದ್ದೆ, ಅಷ್ಟು ನಂಬಿದ್ದೆ."

ಅಣ್ಣ ಒಲೆ ಆರಿಸಿದ. "ಹಾಗಿದ್ರೆ... ಬಿಲ್ಲು?"

"ಯಾಕೆ? ಜಿಂಕೆ ಕುಂಟಲಿಲ್ಲವಲ್ಲ." ಅವಳು ಕುರ್ಚಿ ಎಳೆದು ಕೂತಳು. "ನೂಲಿನ ಗಿಡ ಜಿಂಕೆಯ ಹಿಂದೆ ಮರೆಯಾದ್ರೆ, ಅದು ಇಪ್ಪತ್ತರೊಳಗಿದೆ ಅಂತ ಬಾಣ ಬಿಡ್ತೀನಿ, ಇಲ್ದಿದ್ರೆ ಇಲ್ಲ. ಆದ್ರೆ ಆಟ ಸಾಕು, ವರ್ಲಿನ್. ಇನ್ಮೇಲೆ ನನ್ನನ್ನ ಎಷ್ಟು ಅಂತ ಕೇಳ್ಬೇಡ."

ಅವನು ತಲೆಯಾಡಿಸಿದ. ಹುರಿದ ಆಲೂಗಡ್ಡೆ ತಣ್ಣಗಾಗುತ್ತಿತ್ತು.

"ನಿನ್ನ ಬುಟ್ಟೀಲಿ ಹಳದಿ ನೂಲಿದ್ಯೇನೇ?" ಎಂದಳು ನನಗೆ. "ಹದಿನೈದು ಗಜಕ್ಕೊಂದು ಸುತ್ತು ಕಟ್ಟಬೇಕು."

ಊಟವಾದ ಮೇಲೆ ಪಾತ್ರೆಯ ಸರದಿ ಯಾರದೆಂದು ಇಬ್ಬರಿಗೂ ತಿಳಿಯಲಿಲ್ಲ. ಇಬ್ಬರೂ ಎದ್ದು ಸಿಂಕಿನ ಮುಂದೆ ನಿಂತರು.