ಮೊಟ್ಟೆಯ ಆಂಟಿಬಾಡಿಗೆ ಒಂದೇ ಹೆಸರು

2020ರ ಬೇಸಿಗೆಯಲ್ಲಿ ನಾನು ಡಚ್ಚರ ನಾಡಿನ ವಾಗೆನಿಂಗನ್‌ನ ಒಂದು ಸಣ್ಣ ಡಯಾಗ್ನಾಸ್ಟಿಕ್ಸ್ ಕಂಪನಿಯಲ್ಲಿ ಅಸ್ಸೇ ವಿಜ್ಞಾನಿಯಾಗಿದ್ದೆ. ಅಸ್ಸೇ ಎಂದರೆ ರಕ್ತದಲ್ಲಿ ಒಂದು ನಿರ್ದಿಷ್ಟ ವಸ್ತು ಎಷ್ಟಿದೆ ಎಂದು ಅಳೆಯುವ ಪರೀಕ್ಷೆ. ಕೋವಿಡ್ ಬಂದವರಲ್ಲಿ ಯಾರ ಸ್ಥಿತಿ ಬಿಗಡಾಯಿಸಬಹುದು ಎಂದು ಮೊದಲೇ ಸುಳಿವು ಕೊಡುವ ಒಂದು ಪ್ರೋಟೀನನ್ನು ಅಳೆಯುವ ಕಿಟ್ ತಯಾರಿಸುವುದು ನಮ್ಮ ಕೆಲಸ. ಅಷ್ಟರಲ್ಲಾಗಲೇ ಹದಿನೆಂಟು ವರ್ಷ ಬೇರೆಯವರ ಯೋಚನೆಗಳನ್ನು ಪ್ರಯೋಗ ಮಾಡಿ ಕೊಟ್ಟಿದ್ದೆ. ಒಂದೇ ಒಂದು ಪೇಟೆಂಟಿನಲ್ಲಾದರೂ ಆವಿಷ್ಕಾರಕರ ಜಾಗದಲ್ಲಿ ನನ್ನ ಹೆಸರು ಬರಬೇಕು ಎಂಬ ಆಸೆ ಇತ್ತು. ಆಸೆಯೇನು, ಹಸಿವೇ ಇತ್ತು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ತಂಡದ ಮುಖ್ಯಸ್ಥರು ಪ್ರಭಣ್ಣ. ಬಾಗಲಕೋಟೆಯವರು, ನನಗಿಂತ ಹತ್ತು ವರ್ಷ ದೊಡ್ಡವರು. ನಾನು ಗದಗಿನವಳು. ನಾನು ಈ ದೇಶಕ್ಕೆ ಬಂದಿಳಿದ ದಿನ ಸ್ಟೇಷನ್ನಿಗೆ ಬಂದು ಕರೆದೊಯ್ದು, ಮನೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದವರು. ಮರುದಿನ ಖೆಮೇಂಟೆ ಎಂಬ ಇಲ್ಲಿನ ನಗರಸಭೆ ಕಚೇರಿಗೂ ಜತೆಗೆ ಬಂದು ನನ್ನ ಹೆಸರು ನೋಂದಾಯಿಸಿಕೊಟ್ಟರು. “ಇಲ್ಲಿ ನಿನಗ ಯಾರೂ ಇಲ್ಲಂತ ತಿಳೀಬ್ಯಾಡ ತಂಗೀ” ಎಂದಿದ್ದರು. ನಾನೂ ಅಣ್ಣ ಎಂದು ಬಾಯಿಮಾತಿಗೆ ಕರೆದದ್ದಲ್ಲ, ನಂಬಿಯೇ ಕರೆದೆ.

ಒಂದೂವರೆ ಮೀಟರ್ ಅಂತರದ ನಿಯಮ ಬಂದಾಗ ನಮ್ಮ ಇಕ್ಕಟ್ಟಾದ ಲ್ಯಾಬಿನಲ್ಲಿ ಒಬ್ಬರಿಗೆ ಮಾತ್ರ ಪ್ರವೇಶ. ಬೆಳಿಗ್ಗೆ ನಾನು, ಮಧ್ಯಾಹ್ನ ಅವರು. ಏನು ಮಾಡಿದೆವು, ಏಕೆ ಮಾಡಿದೆವು, ಯೋಚನೆ ಯಾರದು ಎಂದು ಪ್ರಯೋಗದ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಇನ್ನೊಬ್ಬರು ಓದಿ ಸಾಕ್ಷಿ ಸಹಿ ಹಾಕಬೇಕು. ನಾನು ಬರೆಯುತ್ತಿದ್ದದ್ದು ಅಂಕಿಗಳನ್ನು ಮಾತ್ರ. ಉಳಿದದ್ದನ್ನೆಲ್ಲ ರೈನ್ ನದಿಯ ಏರಿಯ ಮೇಲೆ ಸೈಕಲ್ ತಳ್ಳಿಕೊಂಡು ಹೋಗುತ್ತ ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿ ಧ್ವನಿ ಸಂದೇಶವಾಗಿ ಅವರಿಗೆ ಕಳಿಸಿಬಿಡುತ್ತಿದ್ದೆ. ಇಬ್ಬರೂ ನಮ್ಮ ಕಡೆಯವರು, ಅದಕ್ಕೇಕೆ ಕಾಗದಪತ್ರ ಎಂಬ ಸಲುಗೆ.

ಕಿಟ್ಟಿನಲ್ಲಿ ಒಂದು ತೊಡಕಿತ್ತು. ಎರಡು ರೊಟ್ಟಿಗಳ ನಡುವೆ ಪಲ್ಯ ಇಟ್ಟಂತೆ, ಇಲಿಯಿಂದ ಪಡೆದ ಎರಡು ಆಂಟಿಬಾಡಿಗಳ ನಡುವೆ ಪ್ರೋಟೀನ್ ಸಿಕ್ಕಿಕೊಂಡಾಗ ಬಣ್ಣ ಬರಬೇಕು. ಆದರೆ ಆರೋಗ್ಯವಂತರ ಹನ್ನೊಂದು ಸ್ಯಾಂಪಲ್‌ಗಳಲ್ಲಿ ಪ್ರೋಟೀನ್ ಇಲ್ಲದೆಯೂ ಗಾಢ ಬಣ್ಣ. ಸ್ಯಾಂಪಲ್‌ಗಳನ್ನು ಅರ್ಧಕ್ಕೆ ತೆಳುಮಾಡಿ ನೋಡಿದೆ. ನಿಜವಾದ ಪ್ರೋಟೀನ್ ಆಗಿದ್ದರೆ ಅಂಕಿಯೂ ಅರ್ಧವಾಗಬೇಕಿತ್ತು, ಆಗಲಿಲ್ಲ. ಅಂದರೆ ಆ ರಕ್ತದಲ್ಲಿದ್ದ ಬೇರೇನೋ ಎರಡೂ ಇಲಿ ಆಂಟಿಬಾಡಿಗಳಿಗೆ ತಾನೇ ಅಂಟಿಕೊಳ್ಳುತ್ತಿತ್ತು.

ಪಕ್ಷಿಗಳ ಆಂಟಿಬಾಡಿಗೆ ಅದು ಅಂಟುವುದಿಲ್ಲ ಎಂದು ನನಗೆ ಹೊಳೆದದ್ದು ಏರಿಯ ಮೇಲೆಯೇ. ಕೋಳಿಮೊಟ್ಟೆಯ ಹಳದಿಯಿಂದ ಆಂಟಿಬಾಡಿ ತೆಗೆದು ಒಂದು ರೊಟ್ಟಿಯ ಜಾಗಕ್ಕೆ ಹಾಕಿದರೆ? ಅಡುಗೆಮನೆಗೆ ಮೊಟ್ಟೆ ತರದ ಮನೆತನದವಳು ನಾನು. ಅವತ್ತು ದಾರಿಯುದ್ದಕ್ಕೂ ಮೊಟ್ಟೆಯದೇ ಧ್ಯಾನ. ಸೈಕಲ್ ನಿಲ್ಲಿಸಿ ಅವರಿಗೆ ಸಂದೇಶ ಕಳಿಸಿದೆ: “ಅಣ್ಣಾರ, ನೀವ ಹೇಳಿದ್ರಲ್ರೀ, ಕೋಳಿ ಆಂಟಿಬಾಡಿ ಬ್ಯಾರೆ ಥರಾ ಇರತಾವಂತ. ಒಂದು ಕಡೆ ಅದನ್ನ ಹಚ್ಚಿ ನೋಡೂಣೇನ್ರೀ?”

ಅವರು ಹೇಳಿರಲಿಲ್ಲ. ಎಂದೂ ಹೇಳಿರಲಿಲ್ಲ. ಆದರೆ ಹಿರಿಯರ ಮುಂದೆ ಹೊಸ ಮಾತನ್ನು “ನನಗೆ ಹೊಳೆಯಿತು” ಎಂದು ಇಟ್ಟರೆ ಅಧಿಕಪ್ರಸಂಗ. “ನೀವೇ ಹೇಳಿದ್ದಿರಲ್ಲ” ಎಂದು ಅವರ ಬಾಯಿಗೇ ಹಾಕಿ ಇಡುವುದು ನಮ್ಮ ಮನೆಗಳ ಮರ್ಯಾದೆ. ಅವ್ವ ಅಜ್ಜನಿಂದ ಹೊಲದಲ್ಲಿ ಬಾವಿ ತೋಡಿಸಿದ್ದೂ ಹಾಗೆಯೇ. ಯೋಚನೆ ನಿಜವಾಗಿ ಯಾರದೆಂದು ಹೇಳಿದವರಿಗೂ ಗೊತ್ತು, ಕೇಳಿದವರಿಗೂ ಗೊತ್ತು. ಪ್ರಭಣ್ಣ ತಕ್ಷಣ ಫೋನ್ ಮಾಡಿದರು. “ಭಾರೀ ತಲಿ ಓಡಿಸೀ ಬಿಡವಾ! ನನಗ ಹೊಳದs ಇದ್ದಿಲ್ಲ ನೋಡು.” ಆ ಮಾತು ಎಲ್ಲಿಯೂ ದಾಖಲಾಗಲಿಲ್ಲ.

ಚಳಿಗಾಲದ ಹೊತ್ತಿಗೆ ಹಳದಿಯ ಆಂಟಿಬಾಡಿ ಕೈಗೆ ಬಂತು. ಹನ್ನೊಂದೂ ಸ್ಯಾಂಪಲ್‌ಗಳ ಬಣ್ಣ ಇಳಿಯಿತು. ಮಾಸ್ಕಿನೊಳಗೇ ಅತ್ತುಬಿಟ್ಟೆ. ಮುಂದಿನ ವರ್ಷದ ಆರಂಭದಲ್ಲಿ ಪೇಟೆಂಟ್ ಅರ್ಜಿಯ ಕರಡು ಬಂತು. ಆವಿಷ್ಕಾರಕರು: ಒಂದೇ ಹೆಸರು, ಅವರದು.

ಟೈಪಿಂಗ್ ತಪ್ಪಿರಬೇಕು ಎಂದುಕೊಂಡು ಪ್ರಭಣ್ಣನಿಗೆ ಫೋನ್ ಮಾಡಿದೆ, ನನ್ನ ಪೆದ್ದುತನ ನೋಡಿ!

“ಅದು ಫಾರ್ಮ್ಯಾಲಿಟಿ ಇರತೈತಿ ತಂಗೀ. ಟೀಮ್ ಲೀಡರ್ ಹೆಸರು ಹಾಕತಾರ. ನೀ ಯಾಕ ಮನಸಿಗೆ ಹಚ್ಚಿಕೋತೀ?”

ಫಾರ್ಮ್ಯಾಲಿಟಿಯಂತೆ! ಮೈ ಉರಿಯಿತು. ಲಿಖಿತ ಆಕ್ಷೇಪಣೆ ಸಲ್ಲಿಸಿದೆ. ಕಂಪನಿಯ ಪೇಟೆಂಟ್ ವಕೀಲೆ ಮಾರ್ಲೂಸ್ ನೇರ ಮಾತಿನ ಡಚ್ ಹೆಂಗಸು, ಪಕ್ಷಪಾತ ಮಾಡುವವಳಲ್ಲ. ಸಾಕ್ಷಿ ಏನಿದೆ ಎಂದು ಕೇಳಿದಳು. ನನ್ನ ಧ್ವನಿಯೇ ಇದೆ, ತಾರೀಖಿನ ಸಮೇತ ಇದೆ ಎಂದು ಎದೆಯುಬ್ಬಿಸಿ ಎಲ್ಲ ಸಂದೇಶಗಳನ್ನೂ ಕೊಟ್ಟೆ. ಅವಳು ಅವನ್ನು ಹೊರಗಿನ ಭಾಷಾಂತರಕಾರರಿಗೆ ಕಳಿಸಿದಳು.

ಭಾಷಾಂತರದಲ್ಲಿ ಒಂದಕ್ಷರ ತಪ್ಪಿರಲಿಲ್ಲ. “ಅಣ್ಣಾ, ಕೋಳಿ ಆಂಟಿಬಾಡಿ ಬೇರೆ ಬಗೆಯದು ಎಂದು ನೀವು ಹೇಳಿದ್ದಿರಲ್ಲ” ಎಂದೇ ಇಂಗ್ಲಿಷಿನಲ್ಲಿ ಇತ್ತು. ಯೋಚನೆ ಅವರದೆಂದು ನನ್ನ ಬಾಯಿಂದಲೇ ಒಪ್ಪಿಕೊಂಡ ಹಾಗಾಗಿತ್ತು.

ವಿಡಿಯೋ ಸಭೆಯಲ್ಲಿ ಅದು ಗೌರವಕ್ಕೆ ಹೇಳುವ ಮಾತು ಎಂದು ವಿವರಿಸಿದೆ. ಮಾರ್ಲೂಸ್ ಹುಬ್ಬು ಗಂಟಿಕ್ಕಿದಳು. ಹೇಳದ ಮಾತನ್ನು ಹೇಳಿದಿರಿ ಎನ್ನುವುದು ಗೌರವ ಹೇಗಾಗುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ, ಅದರಲ್ಲಿ ಅವಳ ತಪ್ಪಿಲ್ಲ. ಪ್ರಭಣ್ಣನನ್ನೇ ಕೇಳಿದಳು. ಆ ಪದ್ಧತಿ ಗೊತ್ತಿದ್ದ ಇನ್ನೊಬ್ಬ ಮನುಷ್ಯ ಆ ಸಭೆಯಲ್ಲಿ ಅವರೊಬ್ಬರೇ. ಒಂದು ಮಾತು ಹೇಳಿದ್ದರೆ ಸಾಕಿತ್ತು.

“ಇಟ್ಸ್ ದೇರ್ ಇನ್ ಹರ್ ಓನ್ ವರ್ಡ್ಸ್” ಎಂದರು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ.

ನನಗೆ ತಡೆಯಲಾಗಲಿಲ್ಲ. “ಅಣ್ಣಾರ, ಮರ್ಯಾದಿಗೆ ಅಂದದ್ದು ಅಂತ ನಿಮಗ ಗೊತ್ತಿಲ್ಲೇನ್ರೀ? ನಿಮ್ಮ ಮನ್ಯಾಗ ಯಾರೂ ಹಂಗ ಮಾತಾಡೂದಿಲ್ಲೇನ್ರೀ?”

ಅವರು ಕ್ಯಾಮೆರಾದಿಂದ ಕಣ್ಣು ತೆಗೆದರು. “ಲೆಟ್ಸ್ ಕೀಪ್ ಟು ಇಂಗ್ಲಿಷ್, ಪ್ಲೀಸ್.”

ಅರ್ಜಿ ಒಂದೇ ಹೆಸರಿನಲ್ಲಿ ಹೋಯಿತು. ಪುಸ್ತಕದಲ್ಲಿ ಬರೆದಿದ್ದರೆ ಖಂಡಿತ ನಿನ್ನ ಹೆಸರು ಸೇರಿಸುತ್ತಿದ್ದೆ ಎಂದು ಮಾರ್ಲೂಸ್ ಆಮೇಲೆ ಹೇಳಿದಳು. ನಾನು ಕೆಲಸ ಬಿಟ್ಟು ಬೇರೆ ಲ್ಯಾಬ್ ಸೇರಿದೆ. ಈಗ ನಮ್ಮ ಕಡೆಯಿಂದ ಯಾರೇ ಹೊಸಬರು ಬಂದರೂ ಮೊದಲ ದಿನವೇ ಹೇಳುತ್ತೇನೆ: ಹಿರಿಯರನ್ನು ಊಟಕ್ಕೆ ಕರೆಯಿರಿ, ಬೇಕಾದರೆ ಕಾಲಿಗೂ ನಮಸ್ಕರಿಸಿ. ನಿಮ್ಮ ಯೋಚನೆಯನ್ನು ಮಾತ್ರ ನಿಮ್ಮದೆಂದೇ ಬರೆದು, ಸಾಕ್ಷಿ ಸಹಿ ಹಾಕಿಸಿಕೊಂಡು, ಆಮೇಲೆ ಬಾಯಿ ಬಿಡಿ.

ಪಾಠ ಒಳ್ಳೆಯದೇ. ಆದರೆ ಅದನ್ನು ಲ್ಯಾಬಿನಲ್ಲೇ ಬಿಟ್ಟು ಬರಲು ನನಗೆ ಆಗಿಲ್ಲ. ಈಚೆಗೆ ಅಪ್ಪ ಫೋನಿನಲ್ಲಿ, “ಮನಿ ಮ್ಯಾಲ ಸೋಲಾರ್ ಹಾಕಸೂಣ ಅಂತ ನಾನs ಹೇಳಿದ್ದೆ, ನೋಡು ಎಷ್ಟ ಚಲೋ ಆತು” ಎಂದು ಖುಷಿಯಿಂದ ಹೇಳಿದರು. ಹಿಂದೆ ಮರ್ಯಾದೆಗೆಂದು ಆ ಮಾತನ್ನು ಅವರ ಬಾಯಿಗೆ ಹಾಕಿದವಳು ನಾನೇ.

“ಅದು ನಾ ಹೇಳಿದ್ದು ಅಪ್ಪಾ. ನೀವಲ್ಲ” ಎಂದೆ.

ಅಪ್ಪ, “ಹೌದವಾ, ನೀನs ಹೇಳಿದ್ದು” ಎಂದು ಫೋನನ್ನು ಅವ್ವನ ಕೈಗೆ ಕೊಟ್ಟುಬಿಟ್ಟರು.