ಅತ್ತೆಯವರು ಬರೆಸಿದ ಊಟ

ನನ್ನ ಹಿರಿಯ ಮಗನಿಗೆ ಎರಡು ವರ್ಷ ತುಂಬಿದ ಬೇಸಿಗೆಯಲ್ಲಿ ನಮ್ಮ ಅಸಂಗಿಗೆ ಸರ್ಕಾರದ ಜೀಪು ಬಂತು. ಹಳ್ಳಿಯ ಮಕ್ಕಳು ಏನು ತಿನ್ನುತ್ತಾರೆಂದು ಅಭ್ಯಾಸ ಮಾಡಲು ದೊಡ್ಡ ಡಾಕ್ಟರೊಬ್ಬರು ಪುಣೆಯಿಂದ ಬಂದಿದ್ದರು. ರೊಟ್ಟಿ, ಖಾರದಪುಡಿ ಎಂದು ಮುಗಿಯುವ ಉತ್ತರಕ್ಕೆ ಅಷ್ಟು ಪೆಟ್ರೋಲು ಸುಟ್ಟದ್ದು ಅವರ ದೊಡ್ಡ ಮನಸ್ಸು.

ಅತ್ತೆಯವರು ಮೊಮ್ಮಗನಿಗೆ ಮಖಮಲ್ಲಿನ ಟೊಪ್ಪಿಗೆ ಹಾಕಿ, ಬೆಳ್ಳಿಯ ಉಡಿದಾರ, ಕಡಗ ತೊಡಿಸಿ, ಹೊಟ್ಟೆ ಬಿರಿಯುವಂತೆ ಉಣ್ಣಿಸಿ ಕರೆತಂದರು. ಕಡ್ಡಿಯಂಥ ಕಾಲಿನ ನನ್ನ ಮಗ ತಕ್ಕಡಿಯ ಜೋಳಿಗೆಯಲ್ಲಿ ಕೂತು ತೂಗಿಸಿಕೊಂಡ.

"ದಾಗಿನ ತಗೀಲೇನ್ರಿ?" ಎಂದೆ ನಾನು.

ಅತ್ತೆ ಕಣ್ಣು ಕೆಕ್ಕರಿಸಿದರು. ಡಾಕ್ಟರು ಇರಲಿ ಎಂದು ಮರಾಠಿಯಲ್ಲಿ ಹೇಳಿ, ಉದಾರವಾಗಿ ಕೈ ಬೀಸಿ, ಬೆಳ್ಳಿಯನ್ನೂ ಸೇರಿಸಿ ತೂಕ ಬರೆದುಕೊಂಡರು. ಆಮೇಲೆ ಹುಡುಗನ ಊಟ ಕೇಳಿದರು.

"ಹಾಲು, ತುಪ್ಪ, ಕಾಯಿಪಲ್ಯೆ, ಎಲ್ಲಾ ತಿಂತಾನ್ರಿ. ನಮ್ಮ ಮನ್ಯಾಗ ಏನ ಕಡಿಮಿ ಐತಿ?"

"ಅತ್ತೀ, ಹಾಲು ದಿನಾ..." ಎನ್ನುವಷ್ಟರಲ್ಲಿ ನನ್ನ ತೋಳಿಗೆ ಚಿವುಟು ಬಿತ್ತು. ನೆರೆಮನೆಯವರೇನು ಕಡಿಮೆಯೆ? ಅವರು ಬಾದಾಮಿಯನ್ನೂ ಬರೆಸಿದರು.

ಮಳೆಗಾಲದಲ್ಲಿ, ರೊಟ್ಟಿ, ಖಾರದಪುಡಿ ಎಂದೇ ಬರೆಸಿದ್ದ ಡಫಳಾಪುರದ ಮಕ್ಕಳಿಗೆ ಹಾಲಿನ ಪುಡಿ ಹಂಚಿದರು. ನಮ್ಮ ಊರಿಗೆ ಬಂದದ್ದು ಶಹಬ್ಬಾಸ್‌ಗಿರಿಯ ಕಾಗದ. ಇಲ್ಲಿನ ತಾಯಂದಿರನ್ನು ನೋಡಿ ಉಳಿದ ಹಳ್ಳಿಗಳು ಕಲಿಯಬೇಕಂತೆ. ಊರಿನ ಲೆಕ್ಕ ಬರೆಯುವ ತಲಾಠಿ ಅದನ್ನು ಚಾವಡಿಯಲ್ಲಿ ಓದಿ ಹೇಳಿದರು.

ಮರುದಿನವೇ ಅತ್ತೆ ಮೊಮ್ಮಗನನ್ನು ಹೊತ್ತು, ನನ್ನನ್ನೂ ಕರೆದುಕೊಂಡು ಜತ್ತದ ತಾಲೂಕು ಕಚೇರಿಗೆ ಹೋದರು.

"ನಾ ಸುಳ್ಳ ಹೇಳೀನ್ರಿ ಸಾಹೇಬ್ರ. ಇನ್ನೊಮ್ಮಿ ಬರಕೋರಿ."

"ಅಭ್ಯಾಸ ಮುಗೀತ್ರಿ ಆಯಿ. ಈಗ ಖರೇ ಹೇಳಿದ್ರ ಏನ ಮಾಡೂದು?" ಎಂದ ಕಾರಕೂನ.

"ಮತ್ತ ಈ ಕೂಸು?"

"ಗಟ್ಟಿ ಐತಿ ಅಂತ ಬರದೈತಲ್ರಿ."

ಗಟ್ಟಿ ಕೂಸು ಅವರ ಹೆಗಲ ಮೇಲೆ ಬಾಡಿದ ಸೊಪ್ಪಿನಂತೆ ಮಲಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅತ್ತೆಯ ಮೇಲೆ ಸಿಟ್ಟು ಮಾಡಲು ಮನಸ್ಸಾಗಲಿಲ್ಲ.

ಮರುದಿನ ಬೆಳಗ್ಗೆ ಅತ್ತೆ ಎಮ್ಮೆ ಹಿಂಡಿ, ಚಹಾದಂಗಡಿಗೆ ಹೋಗುವ ಹಾಲಿನಿಂದ ಒಂದು ವಾಟಿ ತೆಗೆದಿಟ್ಟರು. ಹಾಲಿನ ರುಚಿಯೇ ಗೊತ್ತಿಲ್ಲದ ಮಗ ಥೂ ಎಂದು ಉಗುಳಿದ. ಅತ್ತೆ ವಾಟಿ ಹಿಡಿದು ಅಂಗಳದ ತುಂಬ ಅವನ ಬೆನ್ನು ಹತ್ತಿದರು.

"ಕುಡಿಯೋ ನನ್ನಪ್ಪಾ, ಸರ್ಕಾರದಾಗ ಬರಸೀನಿ!"

ಬೆಲ್ಲ ಬೆರೆಸಿದ ಮೇಲೆ ಕುಡಿದ. ಚಹಾದಂಗಡಿಯವನು ಹಾಲು ಕಡಿಮೆಯಾಯಿತೆಂದು ಗೊಣಗಿದಾಗ, ನೀರು ಹಾಕಿಕೋ ಎಂದರು ಅತ್ತೆ. ದೀಪಾವಳಿಯ ಹೊತ್ತಿಗೆ ಹುಡುಗ ಓಣಿಯಲ್ಲಿ ಬಿದ್ದು ಎದ್ದು ಓಡಾಡತೊಡಗಿದ. ಅವನನ್ನು ತೂಗಲು ಮಾತ್ರ ಯಾರೂ ಮತ್ತೆ ಬರಲಿಲ್ಲ.