ಮಗ್ಗ ನಿಂತ ಮಧ್ಯಾಹ್ನ

“ಇದು ಆಗೋ ಮಾತಲ್ಲ” ಎಂದವರು ನನ್ನ ಅತ್ತೆ. “ಬಿ.ಎ. ಮಾಡಿ ಕಂಡೋರ ಮಕ್ಕಳ ಮೂಗು ಒರೆಸ್ತೀಯಾ? ಅದಕ್ಕೆ ಸರ್ಕಾರ ಬೇರೆ ಸರ್ಟಿಫಿಕೇಟ್ ಕೊಡುತ್ತಾ?”

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುತ್ತಾ ಓದಿದವಳು. ಅತ್ತೆಯ ಮಾತು ಮುಳ್ಳಿನಂತೆ ನಾಟಿತು.

ಯಜಮಾನರಿಗೆ ಹೈಸ್ಕೂಲಿನ ಕೆಲಸ ಸಿಕ್ಕಿ ಮಂಡ್ಯದ ಕಡೆಯಿಂದ ಇಳಕಲ್ಲಿಗೆ ಬಂದಿದ್ದೆವು. ಮೊದಲ ಬೆಳಗ್ಗೆಯೇ ದಡಬಡ ಸದ್ದು ಕೇಳಿ, ಯಾರೋ ಗೋಡೆ ಒಡೆಯುತ್ತಿದ್ದಾರೆಂದು ನಾನೂ ಅತ್ತೆಯೂ ಓಣಿಗೆ ಓಡಿಬಂದೆವು. ಪಕ್ಕದ ಮನೆಯ ಗೌರವ್ವ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವಳು ಕಿಟಕಿಯಿಂದಲೇ ನಕ್ಕಳು: “ಗ್ವಾಡಿ ಒಡ್ಯಾಕತ್ತಿಲ್ರಿ, ಸೀರಿ ನೇಯಾಕತ್ತೇವಿ!”

ನಮ್ಮೂರಿನ ಮಧ್ಯಾಹ್ನಕ್ಕೆ ಕಾಲುವೆ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಲ್ಲಿ ಓಣಿಯುದ್ದಕ್ಕೂ ಮಗ್ಗ. ಅಲ್ಲಿ ಮುದ್ದೆ ನುಂಗಿದ ನಾವು ಇಲ್ಲಿ ಕಟಕ ರೊಟ್ಟಿ ಅಗಿಯಲು ದವಡೆಗೆ ಪಾಠ ಹೇಳಬೇಕಾಯಿತು.

ನೇಯುವ ಹೆಂಗಸರು ತೊಟ್ಟಿಲ ಹಗ್ಗವನ್ನು ಮಗ್ಗಕ್ಕೇ ಕಟ್ಟಿರುತ್ತಿದ್ದರು. ಒಂದೊಂದು ಏಟಿಗೂ ತೊಟ್ಟಿಲು ತೂಗುತ್ತಿತ್ತು. ಕೂಸು ಅಂಬೆಗಾಲಿಡತೊಡಗಿದರೆ ಮಾತ್ರ ಫಜೀತಿ, ಕಣ್ಣೆದುರೇ ಕುಣಿ. ಅಂಥ ಮಕ್ಕಳಿಗಾಗಿ ನಮ್ಮ ಪಡಸಾಲೆಯಲ್ಲಿ ಶಿಶುವಿಹಾರ ತೆರೆದೆ. “ಮಲಗಿಕೊಳ್ಳಿ” ಎಂದರೆ ಮಕ್ಕಳು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದವು. ಇಲ್ಲಿ ಮಲಗುವುದಕ್ಕೆ “ಮಕ್ಕೊಳ್ಳೋದು” ಎನ್ನುತ್ತಾರೆ. “ಮಕ್ಕೋರಿ” ಎನ್ನಲು ಕಲಿತ ದಿನ ಇನ್ನೊಂದು ಪರೀಕ್ಷೆ ಪಾಸಾದಷ್ಟು ಹಿಗ್ಗಿದೆ.

ಅಷ್ಟರಲ್ಲಿ, ಮಾನ್ಯತೆ ಇಲ್ಲದೆ ಶಿಶುವಿಹಾರ ನಡೆಸುವಂತಿಲ್ಲ, ತಪಾಸಣೆಗೆ ಬರುತ್ತೇವೆ ಎಂದು ಇಲಾಖೆಯವರು ಹೇಳಿಕಳಿಸಿದರು. “ಸಿಗದಿದ್ರೆ ಬಾಗಿಲು ಹಾಕಿಬಿಡು, ಊರಿಗೆ ವರ್ಗ ಕೇಳೋಣ” ಎಂದರು ಯಜಮಾನರು. ನಾನು ಸುಣ್ಣ ಬಳಿಸಿದೆ. ನಮ್ಮ ಪಡಸಾಲೆಯಲ್ಲಿದ್ದ ಹಳೆಯ ಮಗ್ಗದ ಕುಣಿಗೆ ಮುಚ್ಚಿದ್ದ ಹಲಗೆ ತೆಗೆಸಿ ಹೊಸದಾಗಿ ಗಟ್ಟಿ ಹಲಗೆ ಹೊಡೆಸಿದೆ. ಕುಡಿಯುವ ನೀರಿಗೆ ಮುಚ್ಚಳ, ಗಾಯಕ್ಕೆ ಔಷಧಿ, ಎಲ್ಲ ಸಿದ್ಧ. ಉಳಿದದ್ದು ಒಂದೇ: ಮಕ್ಕಳು ಮಲಗಲು ಶಾಂತವಾದ ಜಾಗವಿರಬೇಕಂತೆ. ಓದಿದವಳಲ್ಲವೇ, ಅದಕ್ಕೂ ಉಪಾಯ ಹೂಡಿದೆ. ಮನೆಮನೆಗೆ ಹೋಗಿ, ತಪಾಸಣೆಯ ಮೇಡಂ ಬಂದಾಗ ಸ್ವಲ್ಪ ಹೊತ್ತು ಮಗ್ಗ ನಿಲ್ಲಿಸಿ ಎಂದು ಬೇಡಿಕೊಂಡೆ. ಪಾಪ, ಒಪ್ಪಿದರು.

ಬಾಗಲಕೋಟೆಯಿಂದ ಮೇಡಂ ಬಂದಾಗ ಮಕ್ಕಳೆಲ್ಲ ನಿದ್ದೆಯಲ್ಲಿದ್ದವು. ಮೇಡಂ ಹಲಗೆ ತುಳಿದು ನೋಡಿದರು, ತಲೆಯಾಡಿಸಿದರು. ಅದೇ ಹೊತ್ತಿಗೆ ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಒಂದು ಕೂಸು ಬೆಚ್ಚಿ ಎದ್ದಿತು. ಅದರ ಅಳುವಿಗೆ ಇನ್ನೊಂದು, ಮತ್ತೊಂದು. ಎತ್ತಿಕೊಂಡೆ, ತಟ್ಟಿದೆ, ಹಾಡಿದೆ. ಉಹುಂ.

“ಹುಡುಗ್ರು ನಿಮ್ಮ ಕೈಗೆ ಇನ್ನೂ ಹೊಂದಿಲ್ಲ, ಹೌದಲ್ರಿ?” ಎಂದರು ಮೇಡಂ. ಬಾಗಿಲಲ್ಲಿ ನಿಂತ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

ಓಣಿಯಲ್ಲಿ ಹಗಲು ಹೊತ್ತು ಮಗ್ಗ ನಿಲ್ಲುತ್ತಿದ್ದುದು ಅಮಾವಾಸ್ಯೆಯಂದು ಮಾತ್ರ. ಅಂದು ಮಕ್ಕಳು ತಾಯಂದಿರ ಬಳಿಯೇ ಇರುತ್ತಿದ್ದವು. ಹಾಗಾಗಿ ಈ ಮಕ್ಕಳು ಮಗ್ಗದ ಸದ್ದಿಲ್ಲದೆ ಮಲಗಿದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ! ಕಂಕುಳಲ್ಲಿ ಕೂಸನ್ನಿಟ್ಟುಕೊಂಡೇ ಕಿಟಕಿಗೆ ಓಡಿದೆ. “ಗೌರವ್ವಾ, ಮಗ್ಗ ಚಾಲೂ ಮಾಡ್ರಿ!”

“ನೀವ ಬಂದ್ ಮಾಡ್ರಿ ಅಂದ್ರಿ, ನೀವ ಚಾಲೂ ಮಾಡ್ರಿ ಅಂತೀರಿ. ಯಾವ್ದರ ಒಂದ ಹೇಳ್ರಿ ನಮ್ಮವ್ವಾ!” ಎಂದಳು. ಆದರೆ ಅವಳ ಕಾಲು ಆಗಲೇ ಕುಣಿಗಿಳಿದಿತ್ತು.

ಒಂದು ಮಗ್ಗ ಮಿಡಿಯಿತು. ಅದನ್ನು ಕೇಳಿ ಇಡೀ ಓಣಿ. ಕಂಕುಳಲ್ಲಿದ್ದ ಕೂಸಿನ ಬಿಕ್ಕು ನಿಧಾನವಾಯಿತು, ತಲೆ ನನ್ನ ಹೆಗಲಿಗೆ ಒರಗಿತು. ಉಳಿದವೂ ಒಂದರ ಹಿಂದೊಂದು ಮಕ್ಕೊಂಡವು.

ಮೇಡಂ ಚಾಪೆಯ ತುದಿಯಲ್ಲಿ ಕುಳಿತುಬಿಟ್ಟರು. “ನಾ ಬಾದಾಮಿ ಊರಾಕಿ. ನಮ್ಮನಿ ರೈಲ್ವೆ ಸ್ಟೇಷನ್ ಬಾಜೂಕ ಐತಿ. ರಾತ್ರಿ ಗಾಡಿ ಬರೋದು ತಡಾ ಆತಂದ್ರ ನನ್ನ ಮಗಾ ಎದ್ದು ಕುಂದರತಾನ” ಎಂದು ಮೆಲ್ಲಗೆ ನಕ್ಕರು.

ಕೆಲವು ವಾರಗಳ ನಂತರ ಹುನಗುಂದದ ಕಚೇರಿಗೆ ಕರೆದು ಮಾನ್ಯತೆ ಪತ್ರವನ್ನು ಕೈಗಿತ್ತರು. ಅತ್ತೆಯೂ ಜೊತೆಗಿದ್ದರು. ಹೊರಗೆ ಬಂದು, ಪತ್ರವನ್ನು ಮಡಚಲು ಬಿಡದೆ ತಮ್ಮ ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡರು. ಬಸ್ಸಿಗೆ ಕಾಯುತ್ತಾ ಕೇಳಿದರು:

“ಅಲ್ವೇ, ನಾಳೆ ಊರಿಗೇ ವರ್ಗ ಆಯ್ತು ಅಂತಿಟ್ಕೋ. ಅಲ್ಲಿ ಮಧ್ಯಾಹ್ನ ಮಗ್ಗದ ಸದ್ದಿಲ್ದೆ ನಿಂಗೆ ನಿದ್ದೆ ಬರುತ್ತಾ? ನಂಗಂತೂ ಬರಲ್ಲಮ್ಮ.”